ಪೇಟೆ ಬೀದಿಯ ಎಡ ಅಂಚು ಯಾರಿಗೆ?

ಶಿರಸಿಯಂಥ ಪೇಟೆಯಲ್ಲಿ ಸೈಕಲ್ ಹೊಡೆಯುವವರಿಗೆ ರಸ್ತೆಯಲ್ಲಿ ದಕ್ಕುವುದು ಎಡಗಡೆಯ ಎರಡು ಮೂರು ಅಡಿ ಮಾತ್ರ. ಅಷ್ಟಕ್ಕೂ ಪಾಲುದಾರರು ಬಹಳ. ಅಂಗಡಿಗೆ ಬಂದವರ ಬೈಕು ನಿಲ್ಲುವುದು ಅಲ್ಲೇ. ಗಟಾರದ ಮೇಲಿನ ಹಾಸು ತಲೆ ಎತ್ತಿರುವುದು, ಮನೆ ಕಟ್ಟುವವರ ಜಲ್ಲಿ ಬಿದ್ದಿರುವುದು, ಮಳೆಗಾಲದಲ್ಲಿ ನೀರು ಹರಿಯುವುದು ಎಲ್ಲವೂ ಅಲ್ಲೇ. ಇವನ್ನೆಲ್ಲ ತಪ್ಪಿಸಿಕೊಂಡು ಸೈಕಲ್ಲು ಬಲಕ್ಕೆ ಸರಿದ ಕ್ಷಣದಲ್ಲೇ ಹಿಂದಿನಿಂದ ಟೆಂಪೋ ಬಂದಿರುತ್ತದೆ. ಪೇಟೆಯ ಸೈಕಲ್ ಅಪಘಾತಗಳ ಕತೆ ಹೆಚ್ಚಾಗಿ ಹೀಗೇ ಶುರುವಾಗುತ್ತದೆ.

ಆದ್ದರಿಂದ ಸೈಕಲ್ ಪಥ ಅಂದರೆ ರಸ್ತೆಗೆ ಬಳಿದ ಹಸಿರು ಪಟ್ಟಿ ಎಂದುಕೊಂಡರೆ ಕೆಲಸ ಆರಂಭದಲ್ಲೇ ಕೆಟ್ಟಿತು. ಆ ಅಂಚಿನ ವ್ಯಾಜ್ಯವನ್ನು ಬಗೆಹರಿಸುವುದೇ ವಿನ್ಯಾಸ, ಬಣ್ಣ ಆಮೇಲಿನದು. ಇದನ್ನು ಕರ್ನಾಟಕ ದುಡ್ಡು ಕೊಟ್ಟು ಕಲಿತಿದೆ. ಬೆಂಗಳೂರಿನ ಜಯನಗರದಲ್ಲಿ 2010ರ ದಶಕದ ಆರಂಭದಲ್ಲಿ ಅಗಲವಾದ, ಮರಗಳ ನೆರಳಿನ ರಸ್ತೆಗಳಲ್ಲಿ ಸೈಕಲ್ ಪಥ ಗುರುತಿಸಿದರು. ಸೈಕಲ್ಲಿಗೆ ಅದಕ್ಕಿಂತ ಒಳ್ಳೆಯ ಬಡಾವಣೆ ಸಿಗುವುದು ಕಷ್ಟ. ಆದರೆ ಕಾರು ಎಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸಲಿಲ್ಲ. ಕಾರುಗಳು ಬಂದು ಪಥದ ಮೇಲೆಯೇ ನಿಂತವು. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಬೊಲಾರ್ಡ್ (ಗಿಡ್ಡ ತಡೆಗಂಬ) ನೆಟ್ಟು ತಾತ್ಕಾಲಿಕ ಪಥ ಮಾಡಿದರು. ಅದು ಜಯನಗರದ್ದಕ್ಕಿಂತ ಗಟ್ಟಿ ಪ್ರಯತ್ನ, ಆದರೆ ಮೆಟ್ರೊ ಕಾಮಗಾರಿ ಬಂದಾಗ ಮೊದಲು ಜಾಗ ಬಿಟ್ಟುಕೊಟ್ಟದ್ದು ಅದೇ. ಮೈಸೂರು 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಹೆಸರಿನಲ್ಲಿ 450 ಬಾಡಿಗೆ ಸೈಕಲ್ಲುಗಳನ್ನು 48 ನಿಲ್ದಾಣಗಳಲ್ಲಿ ಇಟ್ಟಿತು. ಸೈಕಲ್ಲು ಒದಗಿಸುವುದು ಸುಲಭ, ಅದು ಓಡಲು ಜಾಗ ಒದಗಿಸುವುದು ಕಷ್ಟ.

ನಮ್ಮ ಕಡೆಗೂ ಇದೇ ಮಾತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು; ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಅಷ್ಟು ವರ್ಷ ಊರೂರಿಗೆ ಸೈಕಲ್ಲು ಬಂದವು, ಒಂದು ರಸ್ತೆಯ ಅಂಚೂ ಬದಲಾಗಲಿಲ್ಲ. ‘ಈಗ ಸೈಕಲ್ ಹೊಡೆಯುವವರೇ ಇಲ್ಲ, ಪಥ ಯಾಕೆ?’ ಎನ್ನುವವರಿಗೆ ಒಂದು ಕೆಲಸ ಹೇಳಬಹುದು. ಬೆಳಿಗ್ಗೆ ಶಾಲೆಯ ಗೇಟಿನ ಬಳಿ ನಿಂತು, ಅಪ್ಪ ಅಮ್ಮನ ಸ್ಕೂಟರಿನಿಂದ ಇಳಿಯುವ ಮಕ್ಕಳನ್ನು ಮನೆ ಎಷ್ಟು ದೂರ ಎಂದು ಕೇಳಲಿ. ಮೂರು ಕಿಲೋಮೀಟರಿನ ಒಳಗೆ ಎಂದವರೆಲ್ಲ ನಾಳೆಯ ಸೈಕಲ್ ಸವಾರರು. ಪಥ ಬೇಕಿರುವುದು ಅವರಿಗೆ, ಹೆಲ್ಮೆಟ್ ತೊಟ್ಟು ಭಾನುವಾರ ಯಾಣಕ್ಕೆ ಹೋಗುವವರಿಗಲ್ಲ. ಅವರು ಹೇಗಾದರೂ ಹೋಗುತ್ತಾರೆ.

ಮೊದಲು ರಸ್ತೆ ಯಾರದ್ದು ಎಂದು ಕೇಳಿ

ಇದು ಹುಡುಗಾಟದ ಪ್ರಶ್ನೆಯಲ್ಲ. ಯಲ್ಲಾಪುರದ ಮೂಲಕ ಹಾದುಹೋಗುವುದು ಹುಬ್ಬಳ್ಳಿ–ಅಂಕೋಲಾ ರಾಷ್ಟ್ರೀಯ ಹೆದ್ದಾರಿ 52. ಕುಮಟಾದಿಂದ ಶಿರಸಿಗೆ ಬಂದು ಹಾವೇರಿ ಕಡೆ ಹೋಗುವುದು 766ಇ. ಇಂಥ ರಸ್ತೆಯಲ್ಲಿ ಒಂದು ಕಲ್ಲು ನೆಡಬೇಕಾದರೂ ಹೆದ್ದಾರಿ ವಿಭಾಗದ ಒಪ್ಪಿಗೆ ಬೇಕು, ನಗರಸಭೆಯ ಠರಾವು ಒಂದೇ ಸಾಲದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಪೇಟೆಯ ಒಳಬೀದಿಗಳು ಶಿರಸಿಯಲ್ಲಿ ನಗರಸಭೆಯವು, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಪಟ್ಟಣ ಪಂಚಾಯತದವು. ಕಂಬಗಳು ಹೆಸ್ಕಾಂನವು. ಪಥದ ನಡುವೆ ಕಂಬ ಉಳಿದುಬಿಡುವುದು ಈ ನಾಲ್ಕು ಕಚೇರಿಗಳು ಒಂದೇ ಮೇಜಿನ ಸುತ್ತ ಕೂರದ ಕಾರಣಕ್ಕೆ.

ಸಲಹೆ ಕೇಳಿದರೆ, ಮೊದಲ ಪ್ರಯತ್ನಕ್ಕೆ ಹೆದ್ದಾರಿ ಬೇಡ. ಬಸ್ ನಿಲ್ದಾಣದಿಂದ ಶಾಲೆ, ಕಾಲೇಜು, ಮಾರುಕಟ್ಟೆಯತ್ತ ಹೋಗುವ, ಸ್ಥಳೀಯ ಸಂಸ್ಥೆಯ ಕೈಯಲ್ಲೇ ಇರುವ ಒಂದು ಬೀದಿ ಹಿಡಿಯಿರಿ. ತುಂಡು ತುಂಡಾಗಿ ಐದು ಕಡೆ ಮಾಡುವುದಕ್ಕಿಂತ ಒಂದೇ ಕಡೆ, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಆಗಲಿ. ನಡುವೆ ಕಡಿದುಹೋದ ಪಥದಲ್ಲಿ ತಾಯಿ ಮಗುವನ್ನು ಕಳಿಸುವುದಿಲ್ಲ.

ಟೇಪಿನ ಲೆಕ್ಕ

ಕಾಂಪೌಂಡಿನಿಂದ ಕಾಂಪೌಂಡಿಗೆ ಅಳೆಯಿರಿ, ಡಾಂಬರು ಮಾತ್ರ ಅಲ್ಲ. ಪ್ರತಿ ಐವತ್ತು ಮೀಟರಿಗೊಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಪೇಟೆ ಬೀದಿಗಳು ಹಿಗ್ಗಿ ಕುಗ್ಗುವುದರಿಂದ ಅತಿ ಕಿರಿದಾದ ಜಾಗದ ಅಳತೆಯೇ ನಿರ್ಣಾಯಕ.

ಸೈಕಲ್ ಸವಾರ ತೂಗಾಡುವುದನ್ನೂ ಸೇರಿಸಿ ಸುಮಾರು ಒಂದು ಮೀಟರ್ ಜಾಗ ತೆಗೆದುಕೊಳ್ಳುತ್ತಾನೆ. ನಮ್ಮಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದ ಶಾಲಾ ಮಕ್ಕಳಿದ್ದಾರೆ. ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡವರಿದ್ದಾರೆ. ಅವರಿಗೆ ಒಂದೂವರೆ ಮೀಟರ್ ಕನಿಷ್ಠ, ಎರಡು ಮೀಟರ್ ಇದ್ದರೆ ಒಬ್ಬರು ಇನ್ನೊಬ್ಬರನ್ನು ದಾಟಬಹುದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೈಕಲ್ ಪಥದ ಮಾರ್ಗಸೂಚಿ (ಐಆರ್‌ಸಿ 11, 2015ರ ಪರಿಷ್ಕರಣೆ) ಎಂಜಿನಿಯರರ ಕೈಗೆ ಕೊಡಬೇಕಾದ ಪುಸ್ತಕ. ಫುಟ್‌ಪಾತಿಗೆ ಐಆರ್‌ಸಿ 103 ಇದೆ, ಅದರ ಪ್ರಕಾರ ನಡೆಯಲು ಖಾಲಿ ಜಾಗ 1.8 ಮೀಟರ್ ಬೇಕು. ಇದನ್ನು ಕತ್ತರಿಸಿ ಸೈಕಲ್ಲಿಗೆ ಕೊಡುವಂತಿಲ್ಲ. ನಡೆಯುವವರ ಜಾಗ ಕಿತ್ತು ಮಾಡಿದ ಪಥದಲ್ಲಿ ಕೊನೆಗೆ ನಡೆಯುವವರೇ ಇರುತ್ತಾರೆ, ಅದು ನ್ಯಾಯವೂ ಹೌದು.

ಈಗ 15 ಮೀಟರಿನ ಬೀದಿಯನ್ನು ಹಂಚಿ ನೋಡಿ. ಎರಡು ಫುಟ್‌ಪಾತಿಗೆ 3.6, ಹೋಗಿ ಬರುವ ವಾಹನಗಳಿಗೆ 3.1ರಂತೆ 6.2. ಉಳಿದದ್ದು 5.2. ಎರಡೂ ಬದಿಗೆ 2 ಮೀಟರಿನ ಸೈಕಲ್ ಪಥ, ಪಥಕ್ಕೂ ವಾಹನಗಳಿಗೂ ನಡುವೆ 60 ಸೆಂಟಿಮೀಟರಿನ ತೆರಪು ಸರಿಯಾಗಿ ಕೂರುತ್ತದೆ. ಆದರೆ ಗಮನಿಸಿ, ವಾಹನ ನಿಲ್ಲಿಸಲು ಒಂದಡಿಯೂ ಉಳಿಯಲಿಲ್ಲ. 12 ಮೀಟರಿನ ಬೀದಿಯಲ್ಲಿ ಫುಟ್‌ಪಾತಿಗೆ ಅಷ್ಟೇ ಇಟ್ಟು ವಾಹನಗಳಿಗೆ 3ರಂತೆ 6 ಮೀಟರ್ ಬಿಟ್ಟರೆ ಉಳಿಯುವುದು 2.4; ಒಂದೇ ಬದಿಗೆ 1.8ರ ಪಥ ಮತ್ತು 60 ಸೆಂಟಿಮೀಟರಿನ ತೆರಪು. ಬಸ್ಸು ಎರಡೂವರೆ ಮೀಟರ್ ಅಗಲ ಇರುವುದರಿಂದ ನಿಧಾನ ಸಂಚಾರಕ್ಕೆ 3 ಮೀಟರ್ ಸಾಕು. ಅಗಲ ಹೆಚ್ಚಾದಷ್ಟೂ ಚಾಲಕನ ಕಾಲು ಆಕ್ಸಿಲರೇಟರ್ ಒತ್ತುತ್ತದೆ. 9 ಮೀಟರಿನ ಬೀದಿಯಲ್ಲಿ ಪಥದ ಆಸೆ ಬಿಡಿ. ಅಲ್ಲಿ ಮಾಡಬೇಕಾದದ್ದು ವೇಗ ಇಳಿಸಿ ಎಲ್ಲರೂ ಒಟ್ಟಿಗೆ ಸಾಗುವ ವ್ಯವಸ್ಥೆ.

ಏರಿಗೆ ಪಥ, ಇಳಿಜಾರಿಗೆ ಬೇಡ

ಬಯಲುಸೀಮೆಯ ನಕ್ಷೆಗಳು ನಮಗೆ ಹೊಂದದ ಜಾಗ ಇದು. ಶಿರಸಿಯಲ್ಲಿ ಸಮತಟ್ಟಾದ ಬೀದಿ ಹುಡುಕಬೇಕು. ಏರು ಹತ್ತುವಾಗ ಸೈಕಲ್ಲಿನ ವೇಗ ನಡೆಯುವವರಷ್ಟೇ. ಪೆಡಲ್ ತುಳಿದಾಗಲೆಲ್ಲ ಚಕ್ರ ಅತ್ತಿತ್ತ ವಾಲುತ್ತದೆ, ಹಿಂದಿನ ಬಸ್ಸಿನವನು ಹಾರ್ನ್ ಹಾಕುತ್ತಾನೆ. ಇಳಿಯುವಾಗ ಅದೇ ಸೈಕಲ್ಲು ಗಂಟೆಗೆ 25–30 ಕಿಲೋಮೀಟರ್ ಓಡುತ್ತದೆ, ಅಂದರೆ ಪೇಟೆಯ ವಾಹನಗಳ ವೇಗವೇ. ಇಳಿಯುವ ಸೈಕಲ್ಲನ್ನು ಇಕ್ಕಟ್ಟಾದ ಪಥದೊಳಗೆ ಹಾಕಿದರೆ ತಟ್ಟನೆ ತೆರೆದ ಕಾರಿನ ಬಾಗಿಲಿಗೆ ಬಡಿಯುವ ಅಪಾಯವೇ ಹೆಚ್ಚು.

ಹಾಗಾಗಿ 12 ಮೀಟರಿನ ಬೀದಿಯಲ್ಲಿ ಸಿಗುವ ಒಂದೇ ಪಥವನ್ನು ಏರಿನ ಬದಿಗೆ ಕೊಡಿ. ಇಳಿಯುವ ಬದಿಯಲ್ಲಿ ವಾಹನಗಳ ಪಟ್ಟಿಯ ನಡುವೆಯೇ ಸೈಕಲ್ಲಿನ ಚಿಹ್ನೆ ಬರೆದು, ಸೈಕಲ್ಲು ಇಲ್ಲಿಂದಲೇ ಹೋಗುತ್ತದೆ ಎಂದು ಹಿಂದಿನವರಿಗೆ ತಿಳಿಸಿ. ಬೆಟ್ಟದ ಊರುಗಳಲ್ಲಿ ಹೊರದೇಶದವರೂ ಹೀಗೆಯೇ ಮಾಡುತ್ತಾರೆ. ಬಹಳ ಕಡಿದಾದ ಏರಾದರೆ ಪಥಕ್ಕೆ ಬೇರೆ ಬೀದಿ ಹುಡುಕಬೇಕು. 30 ಮೀಟರಿಗೆ 1 ಮೀಟರ್ ಏರುವ ಕಡೆ ಪಥ 90 ಮೀಟರಿಗಿಂತ ಉದ್ದ ಇರಬಾರದು ಎಂಬುದು ಹಳೆಯ ಲೆಕ್ಕ. ಎಲೆಕ್ಟ್ರಿಕ್ ಸೈಕಲ್ ಬಂದಮೇಲೆ ಈ ಲೆಕ್ಕ ಸಡಿಲವಾಗಿದೆಯಾದರೂ ಶಾಲಾ ಮಕ್ಕಳ ಕೈಯಲ್ಲಿರುವುದು ಗೇರಿಲ್ಲದ ಸೈಕಲ್ಲೇ.

ಗಟಾರ, ನೀರು, ಹಾವಸೆ

ಮಲೆನಾಡಿನಲ್ಲಿ ಸೈಕಲ್ ಪಥದ ಆಯುಷ್ಯವನ್ನು ನಿರ್ಧರಿಸುವುದು ಮಳೆ. ಪಥವನ್ನು ರಸ್ತೆಯ ಮಟ್ಟದಲ್ಲೇ ಗಟಾರಕ್ಕೆ ತಾಗಿಸಿ ಮಾಡಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಹಳ್ಳ. ಶಾಲೆ ನಡೆಯುವುದೂ ಆ ತಿಂಗಳುಗಳಲ್ಲೇ. ಪಥ ರಸ್ತೆಗಿಂತ ಎರಡು ಮೂರು ಅಂಗುಲ ಎತ್ತರ ಇರಲಿ, ಅಂಚಿನ ಕಲ್ಲು ಓರೆಯಾಗಿರಲಿ. ಚಕ್ರ ಜಾರಿದರೂ ಸವಾರ ಬೀಳುವುದಿಲ್ಲ, ರಸ್ತೆಯ ನೀರು ಪಥಕ್ಕೆ ಹತ್ತುವುದಿಲ್ಲ. ಪಥದ ನೀರು ಹರಿಯಲು ನೂರಕ್ಕೆ ಎರಡರಷ್ಟು ಅಡ್ಡ ಇಳಿಜಾರು ಸಾಕು.

ಗಟಾರದ ಜಾಲರಿಯನ್ನು ಯಾರೂ ನೋಡುವುದಿಲ್ಲ, ಸೈಕಲ್ಲಿನ ಮುಂದಿನ ಚಕ್ರ ಮಾತ್ರ ನೋಡುತ್ತದೆ. ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಟೈರು ನೇರ ಒಳಗೆ ಹೋಗಿ ಸವಾರ ತಲೆಕೆಳಗಾಗುತ್ತಾನೆ. ಸರಳುಗಳು ರಸ್ತೆಗೆ ಅಡ್ಡವಾಗಿ ಇರಬೇಕು. ಜಾಲರಿ ತಿರುಗಿಸಿ ಕೂರಿಸಲು ಅನುದಾನವೂ ಬೇಡ, ನಾಳೆಯೇ ಮಾಡಬಹುದು.

ಇನ್ನೊಂದು ಅಪಾಯ ಡಾಂಬರಿನದು. ಹಳೆಯ ಪದರ ಕೆರೆಯದೆ ವರ್ಷ ವರ್ಷ ಹೊಸ ಪದರ ಹಾಕುತ್ತ ಹೋದರೆ ರಸ್ತೆಯ ಅಂಚು ಮಣ್ಣಿಗಿಂತ ಗೇಣುದ್ದ ಎತ್ತರ ಆಗುತ್ತದೆ. ಬಸ್ಸಿಗೆ ದಾರಿ ಬಿಡಲು ಕೆಳಗಿಳಿದ ಸೈಕಲ್ಲು ಮತ್ತೆ ಮೇಲೆ ಹತ್ತಲಾರದೆ ಬೀಳುತ್ತದೆ. ಟೆಂಡರಿನಲ್ಲಿ ‘ಹಳೆಯ ಪದರ ಕೆರೆದು’ ಎಂಬ ಮಾತು ಇದೆಯೇ ಎಂದು ಕೇಳಿ ನೋಡಬೇಕು.

ಪಥಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕುವುದು ಈಗಿನ ಚಾಳಿ. ಮರದ ನೆರಳಿದ್ದ ಕಡೆ ಎರಡನೆಯ ಮಳೆಗಾಲಕ್ಕೆ ಅದರ ಮೇಲೆ ಹಾವಸೆ ಕಟ್ಟುತ್ತದೆ, ಬೇರು ಅದನ್ನು ಎತ್ತಿಬಿಡುತ್ತದೆ. ನಯವಾಗಿ ಹಾಸಿದ ಡಾಂಬರು ಅಥವಾ ಗೀಚು ಹೊಡೆದ ಕಾಂಕ್ರೀಟು ಮೇಲು. ಇಡೀ ಪಥಕ್ಕೆ ಹಸಿರು ಬಳಿಯುವುದು ದುಡ್ಡಿನ ಪೋಲು, ಒದ್ದೆಯಾದರೆ ಜಾರುತ್ತದೆ ಕೂಡ. ಬಣ್ಣ ಬೇಕಿರುವುದು ಅಡ್ಡರಸ್ತೆಯ ಬಾಯಲ್ಲಿ ಮಾತ್ರ, ಅದೂ ಮರಳು ಬೆರೆತ, ಜಾರದ ಬಣ್ಣ.

ಗಾಡಿ ನಿಲ್ಲಿಸುವ ಜಗಳ

ಯೋಜನೆ ಬದುಕುವುದೂ ಸಾಯುವುದೂ ಇಲ್ಲಿಯೇ. ‘ಅಂಗಡಿ ಎದುರು ಬೈಕು ನಿಲ್ಲಿಸೋಕೆ ಜಾಗ ಇಲ್ಲದಿದ್ರೆ ಗಿರಾಕಿ ಬರೋದಿಲ್ಲ’ ಎಂಬ ಆತಂಕ ಸುಳ್ಳಲ್ಲ. ಅದನ್ನು ಭಾಷಣದಿಂದ ಕಳೆಯಲಾಗದು, ಪರ್ಯಾಯ ತೋರಿಸಬೇಕು. ಅಡ್ಡರಸ್ತೆಗಳಲ್ಲಿ ಒಂದು ಬದಿ, ನಗರಸಭೆಯ ಖಾಲಿ ನಿವೇಶನ, ಸಂತೆಯಿಲ್ಲದ ದಿನ ಸಂತೆ ಮೈದಾನ, ಹೀಗೆ ಯಾವುದಾದರೂ ನೂರು ಹೆಜ್ಜೆಯ ಒಳಗೆ ಇರಬೇಕು. ಅಡಿಕೆ ವಖಾರಿ, ಕಿರಾಣಿ ಅಂಗಡಿಗಳ ಲಾರಿಗೆ ಬೆಳಿಗ್ಗೆ ಇಂತಿಷ್ಟು ಹೊತ್ತಿನೊಳಗೆ ಎಂದು ಸಮಯ ಕೊಡಬೇಕು. ಕಾರು ನಿಲ್ಲಲು ಐದು ಮೀಟರ್ ಉದ್ದದ ಜಾಗ ಬೇಕು. ಅದೇ ಜಾಗದಲ್ಲಿ ಎಂಟು ಸೈಕಲ್ಲು ನಿಲ್ಲುತ್ತವೆ. ಎಂಟು ಗಿರಾಕಿಗಳು ಎಂದು ಹೇಳಿದರೆ ಅಂಗಡಿಯವರ ಕಿವಿಗೆ ಬೀಳುತ್ತದೆ.

ಪಾರ್ಕಿಂಗ್ ಉಳಿಸಲೇಬೇಕಾದರೆ ಅದನ್ನು ವಾಹನಗಳ ಬದಿಗೆ ಇಟ್ಟು, ಸೈಕಲ್ ಪಥವನ್ನು ಫುಟ್‌ಪಾತಿನ ಬದಿಗೆ ತನ್ನಿ. ನಿಂತ ಕಾರುಗಳೇ ಆಗ ಗೋಡೆ. ನಡುವೆ ಬಾಗಿಲು ತೆರೆಯುವಷ್ಟು ತೆರಪು ಮಾತ್ರ ಬಿಡಬೇಕು.

ಬೈಕುಗಳು ಪಥದೊಳಗೆ ನುಗ್ಗುವುದಕ್ಕೆ ಪೂರ್ತಿ ಮದ್ದಿಲ್ಲ. ದಿಲ್ಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಬಸ್ ಪಥದ ಜೊತೆಗೆ ಸೈಕಲ್ ಪಥ ಮಾಡಿದಾಗ ಮೊದಲು ನುಗ್ಗಿದ್ದು ಬೈಕುಗಳೇ; 2016ರಲ್ಲಿ ಆ ಇಡೀ ವ್ಯವಸ್ಥೆಯನ್ನೇ ಕಿತ್ತರು. ಸೈಕಲ್ಲು ಹೋಗುವ ಸಂದಿಯಲ್ಲಿ ಬೈಕೂ ಹೋಗುತ್ತದೆ. ಪಥ ಎರಡು ಮೀಟರಿಗಿಂತ ಬಹಳ ಅಗಲ ಆಗದಂತೆ, ಒಳಬರುವ ಬಾಯಿಗಳು ಕಡಿಮೆ ಇರುವಂತೆ, ಆ ಬಾಯಿಗಳು ಪೊಲೀಸರ ಕಣ್ಣಿಗೆ ಬೀಳುವಂತೆ ನೋಡಿಕೊಳ್ಳುವುದಷ್ಟೇ ಸಾಧ್ಯ. ಕಾರಿಗಾದರೆ ಒಂದೂವರೆ ಮೀಟರಿಗೊಂದು ಬೊಲಾರ್ಡ್ ಸಾಕು.

ಶಿರಸಿಯಲ್ಲಿ ಬೊಲಾರ್ಡ್ ನೆಡುವ ಮೊದಲು ಮಾರಿಕಾಂಬೆಯನ್ನು ನೆನೆಯಬೇಕು. ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ದೇವಸ್ಥಾನದಿಂದ ಬಿಡಕಿಬೈಲಿನ ಗದ್ದುಗೆಗೆ ರಥ ಹೋಗುವ ದಾರಿಯಲ್ಲಿ ಕದಲದ ಕಾಂಕ್ರೀಟು ತಡೆ ಹಾಕಿದರೆ ಮರುಜಾತ್ರೆಗೆ ಅದನ್ನು ಒಡೆಯುತ್ತಾರೆ, ಮತ್ತೆ ಕಟ್ಟುವುದಿಲ್ಲ. ಆ ದಾರಿಯಲ್ಲಿ ನೆಲದಲ್ಲಿ ಹೂತ ಕೊಳವೆಯಿಂದ ಎತ್ತಿ ತೆಗೆಯಬಹುದಾದ ಕಬ್ಬಿಣದ ಬೊಲಾರ್ಡ್ ಮಾತ್ರ. ತೆಗೆದವರು ಯಾರು, ಮರಳಿ ಹಾಕುವವರು ಯಾರು ಎಂಬುದು ಕಾಗದದಲ್ಲಿ ಇರಲಿ.

ಕೂಡುರಸ್ತೆ ಮತ್ತು ಬಸ್ ತಂಗುದಾಣ

ನೇರ ಬೀದಿಯಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ಜೀವಕ್ಕೆ ಸಂಚಕಾರ ಬರುವುದು ಕೂಡುರಸ್ತೆಯಲ್ಲಿ. ಎಡಕ್ಕೆ ತಿರುಗುವ ಬಸ್ಸು ಅಥವಾ ಟಿಪ್ಪರಿನ ಹಿಂದಿನ ಚಕ್ರ ಒಳಗೆ ಕೊರೆದುಕೊಂಡು ಬರುತ್ತದೆ, ಪಕ್ಕದಲ್ಲಿದ್ದ ಸೈಕಲ್ಲು ಚಾಲಕನ ಕನ್ನಡಿಯಲ್ಲಿ ಕಾಣುವುದಿಲ್ಲ. ಮೂಲೆಯ ತಿರುವನ್ನು ಬಿಗಿ ಮಾಡಿದರೆ ವಾಹನ ನಿಧಾನಿಸಲೇಬೇಕು. ಸಣ್ಣ ಅಡ್ಡರಸ್ತೆಗೆ ಮೂರು ನಾಲ್ಕು ಮೀಟರಿನ ತ್ರಿಜ್ಯ ಸಾಕು. ಅಡ್ಡರಸ್ತೆಯ ಬಾಯಲ್ಲಿ ಪಥವನ್ನೂ ಫುಟ್‌ಪಾತನ್ನೂ ಅದೇ ಎತ್ತರದಲ್ಲಿ ಮುಂದುವರಿಸಿ. ಹತ್ತಿ ಇಳಿಯಬೇಕಾದದ್ದು ವಾಹನ, ಸೈಕಲ್ಲಲ್ಲ. ಮೂಲೆಯಿಂದ ಐದಾರು ಮೀಟರ್ ಯಾವ ಗಾಡಿಯೂ, ಬ್ಯಾನರೂ ಇರಕೂಡದು. ಬ್ಯಾನರಿನ ವಿಷಯ ನಮ್ಮ ಊರುಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಬಸ್ ತಂಗುದಾಣದಲ್ಲಿ ಸೈಕಲ್ ಪಥ ಹಿಂದಿನಿಂದ ಸುತ್ತಿ ಹೋಗಬೇಕು, ಮುಂದಿನಿಂದಲ್ಲ. ಜನ ಇಳಿಯಲು ಎರಡು ಮೀಟರಿನ ದ್ವೀಪದಂಥ ಕಟ್ಟೆ ಇರಲಿ. ಅಷ್ಟು ಜಾಗವಿಲ್ಲದ ಕಡೆ ಪಥವನ್ನು ಫುಟ್‌ಪಾತಿನ ಎತ್ತರಕ್ಕೆ ಏರಿಸಿ, ಬಸ್ಸು ನಿಂತಾಗ ಸೈಕಲ್ಲಿನವರು ಕಾಯಬೇಕು ಎಂದು ಬರೆಯಿರಿ.

ವೇಗದ ಮಾತು ಚಿಕ್ಕದು. ನಡೆಯುವವರು, ಸೈಕಲ್ಲಿನವರು, ವಾಹನಗಳು ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತು. 50ರಲ್ಲಿ ಬರುವ ಕಾರು ಬ್ರೇಕ್ ಹಾಕಿದ ಮೇಲೆ ನಿಲ್ಲಲು 30ರಲ್ಲಿ ಬರುವುದಕ್ಕಿಂತ ಸುಮಾರು ಮೂರು ಪಟ್ಟು ಜಾಗ ಬೇಕು. ಫಲಕ ನೆಟ್ಟರೆ ಇದು ಆಗದು, ಹಂಪ್ ಬೇಕು. ಸೊಂಟ ಮುರಿಯುವ ಒಂದಡಿಯ ದಿಣ್ಣೆಯಲ್ಲ, 3.7 ಮೀಟರ್ ಉದ್ದಕ್ಕೆ 10 ಸೆಂಟಿಮೀಟರ್ ಎತ್ತರದ ಸಾವಕಾಶ ಉಬ್ಬು.

ವಾನಳ್ಳಿಯಿಂದ ನೋಡಿದರೆ

ವಾನಳ್ಳಿ, ಜಡ್ಡಿಗದ್ದೆ ಕಡೆಯವರು ಶಿರಸಿಗೆ ಸೈಕಲ್ಲಿನಲ್ಲಿ ಬರುವುದಿಲ್ಲ, ಹುಲೇಕಲ್ ಮೇಲೆ ಬಸ್ಸಿನಲ್ಲಿ ಬರುತ್ತಾರೆ. ಅವರಿಗೆ ಸೈಕಲ್ಲು ಬೇಕಿರುವುದು ತೋಟದ ನಡುವಿನ ಮನೆಯಿಂದ ಬಸ್ಸು ಬರುವ ಕೂಡುರಸ್ತೆಯವರೆಗೆ, ಅಥವಾ ಹೈಸ್ಕೂಲಿನವರೆಗೆ. ಅಲ್ಲಿ ಪಥ ಕಟ್ಟುವ ಮಾತಿಲ್ಲ. ಬೇಕಾದದ್ದು ಡಾಂಬರಿನ ಮಟ್ಟಕ್ಕೇ ಗಟ್ಟಿ ಮಾಡಿದ ಒಂದು ಮೀಟರಿನ ಅಂಚು, ತಿರುವುಗಳಲ್ಲಿ ಎದುರು ಬರುವವರು ಕಾಣುವಂತೆ ಸವರಿದ ಗಿಡಗಂಟಿ, ಮತ್ತು ಬಸ್ ತಂಗುದಾಣದ ಪಕ್ಕ ಸೂರಿರುವ, ಸೈಕಲ್ಲಿಗೆ ಸರಪಳಿ ಹಾಕಿ ಬೀಗ ಜಡಿಯಲು ಬರುವ ಸ್ಟ್ಯಾಂಡು. ಇದು ಗ್ರಾಮ ಪಂಚಾಯತದ ಕೈಯಲ್ಲೇ ಆಗುವ ಕೆಲಸ. ಬೆಳಿಗ್ಗೆ ಇಟ್ಟ ಸೈಕಲ್ಲು ಸಂಜೆ ಅಲ್ಲೇ ಇರುತ್ತದೆ, ನೆನೆದಿರುವುದಿಲ್ಲ ಎಂಬ ಭರವಸೆ ಸಿಕ್ಕರೆ ಮೂರು ಕಿಲೋಮೀಟರ್ ನಡೆಯುವ ಹುಡುಗಿಯರು ಸೈಕಲ್ಲು ಹತ್ತುತ್ತಾರೆ.

ಕಾಗದ ಓಡಿಸುವ ಬಗೆ

ಪಾರ್ಕಿಂಗ್ ಬದಲಿಸಲು, ವೇಗದ ಮಿತಿ ಹಾಕಲು ಮೋಟಾರು ವಾಹನ ಕಾಯ್ದೆ, 1988ರ 112, 115, 117ನೇ ಕಲಮುಗಳಡಿ ಅಧಿಸೂಚನೆ ಬೇಕು. ಅದಿಲ್ಲದೆ ಪೊಲೀಸರು ದಂಡ ಹಾಕಲಾರರು. ಮನವಿಯನ್ನು ನಗರಸಭೆಗೆ ಕೊಡುವಾಗ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಒಂದು ಪ್ರತಿ ಹೋಗಲಿ. ಬೀದಿ ಬದಿಯ ವ್ಯಾಪಾರಿಗಳ ವಿಷಯಕ್ಕೆ 2014ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇದೆ. ಅವರನ್ನು ಎಬ್ಬಿಸಿ ಮಾಡುವ ಪಥ ಬೇಡ, ಗಾಡಿಗಳಿಗೆ ಫುಟ್‌ಪಾತಿನ ಆಚೆ ಗುರುತು ಹಾಕಿದ ಜಾಗ ಕೊಡಿ. ವಿನ್ಯಾಸದ ಸಲಹೆಗೆ ರಾಜ್ಯದಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಇದೆ.

ಕಾಂಕ್ರೀಟು ಸುರಿಯುವ ಮೊದಲು ಪರೀಕ್ಷೆ ಮಾಡಿ. ಮಳೆ ಹಿಂತೆಗೆದ ಮೇಲೆ, ದಸರಾ ಆದ ನಂತರ, ಸುಣ್ಣದ ಗೆರೆ ಎಳೆದು, ಕೋನು, ಮರಳಿನ ಚೀಲ ಇಟ್ಟು ಒಂದು ತಿಂಗಳು ನಡೆಸಿ. ಬಸ್ಸು ಎಲ್ಲಿ ತಿರುಗಲಾರದು, ಯಾವ ಅಂಗಡಿಯ ಲಾರಿ ಸಿಕ್ಕಿಬೀಳುತ್ತದೆ ಎಂಬುದು ಮೊದಲ ವಾರವೇ ಗೊತ್ತಾಗುತ್ತದೆ. ಗೆರೆ ಅಳಿಸಿ ಬೇರೆ ಎಳೆದರಾಯಿತು. ಆ ತಿಂಗಳು ಪಥದಲ್ಲಿ ಓಡಿದ ಸೈಕಲ್ಲುಗಳ ಎಣಿಕೆಯನ್ನು ಬರೆದಿಟ್ಟುಕೊಂಡು ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಕಾಮಗಾರಿ ಆದಮೇಲೆ ಮೊದಲ ಜಡಿಮಳೆಯ ದಿನ ಕೊಡೆ ಹಿಡಿದು ಪಥದುದ್ದಕ್ಕೂ ನಡೆದು, ನೀರು ನಿಂತ ಕಡೆ, ಕಲ್ಲು ಕುಸಿದ ಕಡೆ ಫೋಟೊ ತೆಗೆದು, ದಿನಾಂಕ ಬರೆದು ಎಂಜಿನಿಯರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಟೆಂಡರಿನಲ್ಲಿ ಬರೆದ ನಿರ್ವಹಣೆಯ ಅವಧಿ ಮುಗಿಯುವವರೆಗೆ ಅದನ್ನೆಲ್ಲ ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು, ಅವಧಿ ಮುಗಿದ ಮರುದಿನದಿಂದ ಆ ಖರ್ಚು ಊರಿನದು.